ಅಪ್ಪನ ದನಿಯ ಗಿಳಿ

ಹಸಿ ಗೋಣಿತಟ್ಟಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಸಾಕಿದ ಗಿಳಿಯಿತ್ತು. ‘ಏ ಲೇ, ನೀರು ತಾ!’ ಎಂದು ಅದು ಥೇಟ್ ಅಪ್ಪನ ದನಿಯಲ್ಲೇ ಒದರುತ್ತಿತ್ತು. ಆ ಬೇಸಿಗೆಯ ಮಧ್ಯಾಹ್ನ ಜೋಳ ಬೀಸುತ್ತಿದ್ದ ಅವ್ವ ಮೂರು ಸಲ ಬೀಸುಕಲ್ಲು ಬಿಟ್ಟು, ಹಿಟ್ಟಿನ ಕೈಯಲ್ಲೇ ತಂಬಿಗೆ ಹಿಡಿದು ಓಡಿಬಂದಳು. ಮೂರು ಸಲವೂ ಒದರಿದ್ದು ಗಿಳಿ. ಅಪ್ಪನೂ ಅವನ ಗೆಳೆಯರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಟು ವರ್ಷದ ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಗೆಳೆಯರು ಹೋದ ಮೇಲೆ ಅಪ್ಪ ಅಡ್ಡಾದ. ಗಿಳಿ ಮತ್ತೆ ಚೀರಿತು. ಈಗ ಅವನಿಗೆ ನಗು ಬರಲಿಲ್ಲ.

‘ಹರಾಮಿ, ನಿದ್ದಿ ಮಾಡಾಕ ಬಿಡವಲ್ದು!’

ನೀರಿನ ಹರವಿಗೆ ಸುತ್ತಿದ್ದ ಹಸಿ ಗೋಣಿತಟ್ಟನ್ನು ಎಳೆದು ಪಂಜರದ ಮೇಲೆ ಬಿಗಿದ. ಒಳಗೆ ಗಿಳಿ ರೆಕ್ಕೆ ಬಡಿದುಕೊಳ್ಳತೊಡಗಿತು.

ಅವ್ವ ಎದ್ದು ಬಂದು ತಟ್ಟನ್ನು ಕಿತ್ತು ಅಂಗಳಕ್ಕೆ ಬಿಸುಟಳು.

‘ಅದನ್ಯಾಕ ಕೊಲ್ಲಾಕತ್ತೀರಿ? ನೀವು ಒದರಿದ್ದನ್ನ ಅದು ಕಲ್ತೈತಿ.’

‘ನನಗ ಎದುರು ಮಾತಾಡ್ತೀಯೇನಲೇ?’

‘ಇವತ್ತಿಂದ ಒದರಿದವರಿಗೆ ನಾ ಬರಂಗಿಲ್ರಿ. ಗಿಳಿ ಒದರೈತೋ, ನೀವು ಒದರೀರೋ, ಒಳಗ ಕುಂತ ನನಗ ಹೆಂಗ ತಿಳೀಬೇಕು?’

ಅವ್ವ ಒಳಗೆ ಹೋಗಿ ಮತ್ತೆ ಬೀಸತೊಡಗಿದಳು.

ಸಂಜೆ ಪಡಸಾಲೆಯಿಂದ ನೀರು ಕೇಳುವ ಕೂಗು ಬಂತು. ನಾನು ಏಳಹೋದೆ. ಅವ್ವ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು. ಕೂಗು ಇನ್ನೂ ಎರಡು ಸಲ, ಇನ್ನೂ ಜೋರಾಗಿ ಬಂತು. ಆಮೇಲೆ ಅಪ್ಪ ಎದ್ದು ಬಂದು, ನಮ್ಮಿಬ್ಬರ ಮುಖವನ್ನೂ ನೋಡದೆ, ಅಡುಗೆಮನೆಯ ಕೊಡದಿಂದ ತಾನೇ ನೀರು ತುಂಬಿಕೊಂಡ.