ಮಣ್ಣು ಮುಚ್ಚುವವರೆಗೆ

ಲಿಂಟನ್ ಕೋಟು ಬಿಚ್ಚಿ, ಸಲಿಕೆ ಹಿಡಿದು, ಮೊದಲ ಮಣ್ಣನ್ನು ಅಮ್ಮನ ಶವಪೆಟ್ಟಿಗೆಯ ಮೇಲೆ ಸುರಿದ. ಅವನ ಅಕ್ಕ ವೆರೋನಾ ಹಾಡಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಚಿಕ್ಕಮ್ಮ ಐಸಿಲ್ಡಾ ಬಂದು ಅವಳ ರಟ್ಟೆ ಹಿಡಿದಳು.

"ನೀನು ಬೇಡ. ನಾವಿದ್ದೀವಿ."

"ಚಿಕ್ಕಮ್ಮ, ಒಳಗೆ ಮಲಗಿರೋದು ನನ್ನ ಹೆತ್ತಮ್ಮ!"

"ಅವಳೇ ಹೇಳಿದ್ದು. ಆಸ್ಪತ್ರೇಲಿ, ನನ್ನ ಕೈ ಹಿಡ್ಕೊಂಡು. 'ಬಂದ್ರೆ ಬರ್ಲಿ, ಅಳೋದಾದ್ರೆ ಅಳ್ಲಿ, ಹಾಡೋಕೆ ಮಾತ್ರ ಬಿಡ್ಬೇಡ' ಅಂದ್ಲು."

ವುಲ್ವರ್‌ಹ್ಯಾಂಪ್ಟನ್ ಊರಿನಲ್ಲಿ ನೆಲೆಸಿದ ಈ ಜಮೈಕಾ ಮಂದಿ ತಮ್ಮವರನ್ನು ಹೂಳುವ ಕೆಲಸವನ್ನು ಸ್ಮಶಾನದ ಆಳುಗಳಿಗೆ ಬಿಟ್ಟವರಲ್ಲ. ಗಂಡಸರು ಸರದಿಯ ಮೇಲೆ ಮಣ್ಣೆಳೆಯಬೇಕು, ಕೊನೆಯ ಸಲಿಕೆ ಬೀಳುವವರೆಗೂ ಹೆಂಗಸರು ಹಾಡುತ್ತಿರಬೇಕು. ನಡುವೆ ಹಾಡು ನಿಂತರೆ ಸತ್ತವರಿಗೆ ಅವಮಾನ. ಮೊದಲ ಸಾಲು ಎತ್ತಿಕೊಡುವವಳು ಹಿರಿಮಗಳು. ಅವಳು ಕಾಗೆಯಂತೆ ಅರಚಿದರೂ ಯಾರೂ ಬೇಡವೆನ್ನುವುದಿಲ್ಲ. ಇಲ್ಲಿ ನೋಡಿದರೆ ಮಗಳು ಇಂಗ್ಲೆಂಡಿಗೇ ಹೆಸರಾದ 'ಸೋಲ್' ಸಂಗೀತದ ಹಾಡುಗಾರ್ತಿ, ತನ್ನ ಹಾಡನ್ನು ತಾನೇ ಕಟ್ಟಿ ದೊಡ್ಡ ದೊಡ್ಡ ಸಭಾಂಗಣ ತುಂಬಿಸಿದವಳು. ಅವಳನ್ನೇ ಬೇಡವೆಂದರೆ! ವೆರೋನಾಳ ಮುಖ ಸುಟ್ಟಂತಾಯಿತು. ಐಸಿಲ್ಡಾ ತಾನೇ ಸಾಲು ಎತ್ತಿದಳು, ಚರ್ಚಿನ ಹೆಂಗಸರು ದನಿಗೂಡಿಸಿದರು.

ಕಾರಣ ಅಲ್ಲಿ ನಿಂತಿದ್ದವರಿಗೆಲ್ಲ ಗೊತ್ತಿತ್ತು. ವೆರೋನಾಳಿಗೆ ಹೆಸರು ತಂದ ಮೊದಲ ಹಾಡು 'ಭಾನುವಾರದ ಟೋಪಿ'. ಶನಿವಾರ ಕುಡಿದು ಬಂದ ಗಂಡ ಎಬ್ಬಿಸಿದ ಬಾಸುಂಡೆಯನ್ನು ಅಗಲ ಅಂಚಿನ ಟೋಪಿಯಡಿ ಮರೆಸಿಕೊಂಡು ಚರ್ಚಿಗೆ ಬರುವ ಹೆಂಗಸಿನ ಕಥೆ. ಹಾಡಿನಲ್ಲಿ ಹೆಸರಿರಲಿಲ್ಲ. ಹೆಸರೇಕೆ ಬೇಕು? ಅಂಥ ನೇರಳೆ ಟೋಪಿ ಆ ಚರ್ಚಿನಲ್ಲಿದ್ದದ್ದು ವೆರೋನಾಳ ಅಮ್ಮ ಎನಿಡ್ ಒಬ್ಬಳ ತಲೆಯ ಮೇಲೆ. ಬಸ್ಸಿನಲ್ಲಿ, ಮೀನಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಎಲ್ಲಿ ರೇಡಿಯೋ ಹಾಕಿದರೂ ಅದೇ ಹಾಡು. ಅವಳು ಮದುವೆಯಾದ ದಿನದಿಂದ ಹಲ್ಲು ಕಚ್ಚಿ ಕಾಪಾಡಿದ್ದ ಗುಟ್ಟನ್ನು ಬೀದಿಯ ಮಕ್ಕಳು ಶಿಳ್ಳೆ ಹಾಕಿಕೊಂಡು ಓಡಾಡಿದವು. ಆಮೇಲೆ ಎನಿಡ್ ಮುಂದಿನ ಸಾಲಿನಲ್ಲಿ ಕೂರಲಿಲ್ಲ. ತಲೆಗೊಂದು ಬಟ್ಟೆ ಕಟ್ಟಿಕೊಂಡು ಬಾಗಿಲ ಬಳಿ ಕೂತು, ಯಾರೂ ಮಾತಾಡಿಸುವ ಮೊದಲೇ ಎದ್ದು ಹೋಗುತ್ತಿದ್ದಳು. ಮಗಳು ಕೊಡಿಸಿದ ಮನೆಗೆ ಕಾಲಿಡಲಿಲ್ಲ.

"ನಾನು ಅವಳ ಪರವಾಗೇ ಕಟ್ಟಿದ್ದು ಚಿಕ್ಕಮ್ಮ," ವೆರೋನಾ ಪಿಸುಗುಟ್ಟಿದಳು. "ಅಪ್ಪ ಮಾಡಿದ್ದು ಲೋಕಕ್ಕೆ ಗೊತ್ತಾಗ್ಲಿ ಅಂತ."

ಐಸಿಲ್ಡಾ ಹಾಡನ್ನು ಉಳಿದವರಿಗೆ ಬಿಟ್ಟು ಇತ್ತ ತಿರುಗಿದಳು. "ಲೋಕ ಬಂದು ಇವಳಿಗೆ ಒಂದು ಕಪ್ ಟೀ ಕಾಯಿಸಿ ಕೊಟ್ಟಿತೇನೇ? ಅವನು ಹೊಡೆದದ್ದು ನಾಲ್ಕು ಗೋಡೆ ಒಳಗೆ. ನೀನು ಊರನ್ನೆಲ್ಲ ಕರೆದು ತೋರಿಸಿ ಚಪ್ಪಾಳೆ ಹೊಡೆಸ್ಕೊಂಡೆ."

ವೆರೋನಾಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ಹಾಡಿನಿಂದ ಕೆಟ್ಟದ್ದನ್ನು ಹಾಡಿನಿಂದಲೇ ಸರಿಮಾಡಿಕೊಳ್ಳಬೇಕೆಂಬ ಒಂದೇ ಆಸೆಯಿಂದ ಅವಳು ಇಲ್ಲಿಗೆ ಬಂದಿದ್ದಳು. ಸಭೆಗಲ್ಲ, ಅಮ್ಮನೊಬ್ಬಳಿಗೇ ಒಂದು ಸಲ. ಗುಂಡಿ ತುಂಬಿದ ಮೇಲೆ ಆ ಗಳಿಗೆ ಮತ್ತೆಲ್ಲಿ ಸಿಗಬೇಕು?

"ಎನಿಡ್ ನೋಡಿದ್ರೆ ಗುಬ್ಬಿ ಅಷ್ಟಿದ್ಲು," ಸೋದರಮಾವ ಕೈಯಲ್ಲಿ ಹಿಡಿದ ಸಲಿಕೆಯಂತೆ ತಾನೂ ಓರೆಯಾಗಿ ನಿಂತು ಏದುಸಿರು ಬಿಟ್ಟ. "ಗುಂಡಿ ಮಾತ್ರ ಲಾರಿ ಹೂಳೋಕೆ ತೋಡಿಸಿದ್ದೀಯಲ್ಲೋ ಲಿಂಟನ್."

"ಸುಮ್ನೆ ಎಳೀ ಮಾವ. ಸುಸ್ತಾದ್ರೆ ಈಕಡೆ ಕೊಡು."

ನಾಲ್ಕಾರು ಜನ ನಕ್ಕರು. ಗುಂಡಿ ನಿಜಕ್ಕೂ ಬೇಗ ತುಂಬುವಂತೆ ಕಾಣಲಿಲ್ಲ. ಚಳಿಗಾಳಿ ಬೀಸತೊಡಗಿತು. ವಯಸ್ಸಾದ ಹೆಂಗಸರ ದನಿ ಒಂದೊಂದಾಗಿ ಕೆಳಗಿಳಿಯಿತು. ಉಬ್ಬಸದ ಐಸಿಲ್ಡಾಳಿಗೆ ಕೆಮ್ಮು ಹತ್ತಿ ನಿಲ್ಲಲೇ ಇಲ್ಲ. ಹಾಡು ಇನ್ನೇನು ಕಡಿಯುವುದರಲ್ಲಿತ್ತು. ಎಲ್ಲರ ಕಣ್ಣೂ ವೆರೋನಾಳತ್ತ ತಿರುಗಿತು.

"ಹೋಗ್ಲಿ, ಎತ್ಕೊಳ್ಳೇ," ಐಸಿಲ್ಡಾ ಎದೆ ಒತ್ತಿಕೊಂಡು ಹೇಳಿದಳು. "ನಾಳೆ ಮೇಲೆ ಹೋದಾಗ ಎನಿಡ್ ಕೇಳಿದ್ರೆ ನಾನೇ ಉತ್ತರ ಹೇಳ್ಕೋತೀನಿ. ಹಾಡು ನಿಲ್ಲಬಾರದು ಮಗಳೇ, ಹಾಡು."

ವೆರೋನಾ ಎದೆ ತುಂಬ ಉಸಿರೆಳೆದಳು. ಬಾಯಿ ತೆರೆದಳು. ಆಗ ನಾಲಿಗೆಯ ತುದಿಗೆ ಬಂದು ನಿಂತದ್ದು ದೇವರ ಕೀರ್ತನೆಯಲ್ಲ, ಇನ್ನೊಂದು ಹಾಡು. ಹೊಚ್ಚ ಹೊಸದು. ಮಣ್ಣು ಬೀಳುವ ಸದ್ದೇ ಅದಕ್ಕೆ ತಾಳ. ಹೆತ್ತವಳ ಗುಂಡಿಯ ಮುಂದೆ ಬಾಯಿ ಕಟ್ಟಿಸಿಕೊಂಡು ನಿಂತ ಮಗಳ ಹಾಡು. ಮೊದಲ ಸಾಲಿಗೆ ಅಮ್ಮನ ಆ ಕೊನೆಯ ಮಾತಿನ ಒಂದು ಪದವನ್ನೂ ಬದಲಿಸಬೇಕಾಗಿರಲಿಲ್ಲ. ಜನ ಎಲ್ಲಿ ಅಳುತ್ತಾರೆ, ಎಲ್ಲಿ ಎದ್ದು ನಿಲ್ಲುತ್ತಾರೆ ಎಂಬುದೂ ಅವಳಿಗೆ ಆಗಲೇ ತಿಳಿದುಹೋಗಿತ್ತು. ಬಿಟ್ಟರೆ ಅದೇ ಹೊರಬೀಳುತ್ತದೆಂದು ಅವಳು ಹೆದರಿ ಬಾಯಿ ಮುಚ್ಚಿಕೊಂಡಳು. ಆಗುವುದಿಲ್ಲವೆಂದು ತಲೆಯಾಡಿಸಿದಳು.

"ಈಗ ಸೊಕ್ಕೇನೇ ನಿಂಗೆ?" ಐಸಿಲ್ಡಾಳ ಕಣ್ಣಲ್ಲಿ ನೀರಾಡಿತು. "ಕಡೇ ಸಲಾನೂ ಅವಳ ಮಾನ ಕಳೆದ್ಯಲ್ಲೇ."

ಹಾಡು ನಿಂತುಹೋಯಿತು. ಗಂಡಸರು ಯಾರ ಮುಖವನ್ನೂ ನೋಡದೆ ಮಣ್ಣೆಳೆದರು. ವೆರೋನಾ ತುಟಿ ಕಚ್ಚಿ, ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದು ನಿಂತಿದ್ದಳು. ಒಳಗೆ ಎರಡನೆಯ ಚರಣ ಶುರುವಾಗಿತ್ತು.