ಯಾರ ಕೈಯಿಂದ

“ತೋರ್ಸು ನಿನ್ನ ಕೈ,” ಎಂದು ಸ್ಟಮಾಟಿಯಾ, ನರ್ಸ್ ಆಗಿದ್ದ ಎವಾಂಥಿಯಾಳ ಮಣಿಕಟ್ಟನ್ನು ಹಿಡಿದೇಬಿಟ್ಟಳು. ತೀವ್ರ ನಿಗಾ ಘಟಕದ ಬಾಗಿಲಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಈಗಷ್ಟೇ ತೊಳ್ಕೊಂಡೆ ಅಮ್ಮಾ.”

“ಈಗ ತೊಳ್ಕೊಂಡೆ, ಸರಿ. ಅವತ್ತು?”

ಸ್ಟಮಾಟಿಯಾಳ ಮಗ ಆರ್ಗಿರಿಸ್ ಬೈಕಿನಿಂದ ಬಿದ್ದು ಇಲ್ಲಿಗೆ ಬಂದಾಗ ಅವನ ಗಂಟಲಿನ ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಎರಡನೆಯ ವಾರದ ಪರೀಕ್ಷೆ ಬೇರೆಯೇ ಹೇಳಿತು.

“ಅವನದೇ ಸಾಧು ಬ್ಯಾಕ್ಟೀರಿಯಾಗಳು ಜಾಗ ಖಾಲಿ ಮಾಡಿವೆ. ಯಾವ ಔಷಧಿಗೂ ಜಗ್ಗದ್ದೊಂದು ಬಂದು ಬಿಡಾರ ಹೂಡಿದೆ,” ಎಂದಿದ್ದರು ಡಾಕ್ಟರು. “ಸದ್ಯಕ್ಕೆ ಸುಮ್ಮನಿದೆ. ಶ್ವಾಸಕೋಶಕ್ಕೆ ಇಳೀಬಾರದು, ಅಷ್ಟೇ.”

ಅದೇ ಬ್ಯಾಕ್ಟೀರಿಯಾ ಪಕ್ಕದ ಮಂಚದ ಮುದುಕ ಮೀನುಗಾರನ ಗಂಟಲಲ್ಲಿ ಮೊದಲೇ ಇತ್ತು. ಅಲ್ಲಿಂದ ಇಲ್ಲಿಗೆ ಅದೇನು ನಡೆದುಕೊಂಡು ಬರುತ್ತದೆಯೇ? ಯಾರೋ ತಂದಿರಬೇಕು. ಎರಡೂ ಮಂಚ ನೋಡಿಕೊಳ್ಳುತ್ತಿದ್ದವಳು ಎವಾಂಥಿಯಾ.

ಮುದುಕನ ಮೇಲೆ ಸ್ಟಮಾಟಿಯಾಗೆ ಸಿಟ್ಟಿರಲಿಲ್ಲ. ಪಾಪ, ಅವನನ್ನು ನೋಡಲು ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ತೀನೊಸ್ ದ್ವೀಪದಿಂದ ತಂದ ದೇವಮಾತೆಯ ಪಟ ಹಿಡಿದು ದಿನವೂ ಮೊದಲು ಅವನ ಮಂಚಕ್ಕೆ ಹೋಗಿ, ಆಮೇಲೆ ಮಗನ ಹತ್ತಿರ ಬರುತ್ತಿದ್ದಳು. ದಿಕ್ಕಿಲ್ಲದವನಿಗೆ ಮೊದಲ ಆಶೀರ್ವಾದ ಸಿಗಲಿ ಎಂದು.

ಎವಾಂಥಿಯಾ ಜಗಳಕ್ಕೆ ನಿಲ್ಲಲಿಲ್ಲ. ತನ್ನ ಕೈ, ನಲ್ಲಿ, ಮಂಚದ ಸರಳು, ಯಂತ್ರದ ಗುಂಡಿ, ದಿಂಬಿನ ಬಳಿ ಇದ್ದಬದ್ದದ್ದನ್ನೆಲ್ಲ ಹತ್ತಿಕಡ್ಡಿಯಿಂದ ಒರೆಸಿ ಪರೀಕ್ಷೆಗೆ ಕಳಿಸಿದಳು. ಉತ್ತರ ಬಂದ ದಿನ ಅವಳ ಮುಖ ಬಿಳಿಚಿಕೊಂಡಿತ್ತು. ಸ್ಟಮಾಟಿಯಾಳ ಕಣ್ಣು ತಪ್ಪಿಸುತ್ತಲೇ ಕೈ ಚಾಚಿದಳು.

“ಪಟ ಕೊಡಿ ಅಮ್ಮಾ, ತೊಳ್ದು ಇಟ್ಟಿರ್ತೀನಿ.”

“ತಗೋ, ಅದನ್ನೂ ಮುಟ್ಟು. ಅದೊಂದು ಬಾಕಿ ಇತ್ತು.”

ಆ ವಾರವೇ ಬ್ಯಾಕ್ಟೀರಿಯಾ ಮಗನ ಶ್ವಾಸಕೋಶಕ್ಕೆ ಇಳಿಯಿತು. ಆರ್ಗಿರಿಸ್ ಹೋಗಿಬಿಟ್ಟ. ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ಹುಡುಗ. ಮುದುಕ ಬದುಕಿಕೊಂಡ.

ನಲವತ್ತನೆಯ ದಿನದ ಪ್ರಾರ್ಥನೆಗೆ ಎವಾಂಥಿಯಾ ಚರ್ಚಿಗೆ ಬಂದಳು. ಸತ್ತವನ ಹೆಸರಿನ ಸಿಹಿಗೋಧಿಯನ್ನು ಎಲ್ಲರಿಗೂ ಹಂಚುತ್ತಾ ಬಂದ ಸ್ಟಮಾಟಿಯಾ ಅವಳೆದುರು ನಿಂತಳು. ಕೊಡಲಿಲ್ಲ.

“ಪರೀಕ್ಷೇಲಿ ಏನು ಬಂತು ಅಂತ ಹೇಳ್ಬಿಡು. ನಂಗೆ ನಿದ್ದೆ ಹತ್ತಲ್ಲ ಕಣೇ. ಯಾರ ಕೈಯಿಂದ ಅಂತ ಗೊತ್ತಾಗ್ದಿದ್ರೆ ಹುಚ್ಚಿ ಆಗ್ಬಿಡ್ತೀನಿ.”

ಎವಾಂಥಿಯಾ ಆ ಒಣಗಿದ ಮುಖವನ್ನೇ ನೋಡಿದಳು.

“ನನ್ನ ಕೈಯಿಂದಾನೇ ಅಮ್ಮಾ.”

ಸ್ಟಮಾಟಿಯಾ ಹೊಡೆಯಲಿಲ್ಲ, ಶಪಿಸಲೂ ಇಲ್ಲ. “ನೀನೂ ಒಂದು ಹೆತ್ತಿದ್ರೆ ಗೊತ್ತಾಗ್ತಿತ್ತು,” ಎಂದಷ್ಟೇ ಹೇಳಿ ತಿರುಗಿದಳು. ಚೀಲದಿಂದ ದೇವಮಾತೆಯ ಪಟ ತೆಗೆದು, ಅದರ ಗಾಜಿಗೆ ಮುತ್ತಿಟ್ಟು, ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಎವಾಂಥಿಯಾಳ ಕೈಯಲ್ಲಿ ಪರೀಕ್ಷೆಗೆ ಏನೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಒಂದೇ ಕಡೆ, ತಾಯಿ ದಿನವೂ ಮುದುಕನ ತುಟಿಗೆ ಮುಟ್ಟಿಸಿ ಆಮೇಲೆ ಮಗನ ತುಟಿಗೆ ಮುಟ್ಟಿಸುತ್ತಿದ್ದ ಆ ಗಾಜಿನ ಮೇಲೆ.