ಬೆರಳೆತ್ತಿದ ಮೇಲೂ

“ಇದೇ ಕಣ್ರೀ! ಹೊಟ್ಟೆಕಿಚ್ಚಿನ ಸದ್ದು ಅಂದ್ರೆ ಇದು!” ಎಂದು ನಾಟಕದ ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. ಸ್ಟುಡಿಯೋದಲ್ಲಿದ್ದವರೆಲ್ಲ ತಂಗಿಗೆ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು, ಎಲ್ಲರಿಗಿಂತ ಹೆಚ್ಚು ಹೊತ್ತು.

ಇದೇ ಸದ್ದಿಗಾಗಿ ಅಕ್ಕ ಮೂರು ದಿನ ಸಿಂಥಸೈಜರ್ ಮುಂದೆ ತಿಣುಕಾಡಿದ್ದಳು. ಏನು ಮಾಡಿದರೂ ನಿರ್ದೇಶಕರದು ಒಂದೇ ಮಾತು: “ಇದು ಬರೀ ಸಿಟ್ಟು ಕಣಮ್ಮ.” ಈಗ ನೋಡಿದರೆ, ನಿನ್ನೆ ಮೊನ್ನೆ ಕಣ್ಣುಬಿಟ್ಟವಳು, ಅದೂ ತಾನೇ ಕೈಹಿಡಿದು ಕಲಿಸಿದವಳು, ಒಂದೇ ಬೆಳಗಿನಲ್ಲಿ ಮಾಡಿ ಮುಗಿಸಿದ್ದಾಳೆ! ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಉಳಿದವರು ಚಹಾ ಕುಡಿಯಲು ಹೊರಗೆ ಹೋದದ್ದೇ ತಡ, ಅವಳು ವಾದ್ಯದ ಮೇಲೆ ಬಗ್ಗಿ ಒಂದೊಂದೇ ನಾಬ್ ನೋಡಿದಳು. ಅಟ್ಯಾಕ್ ತೀರಾ ನಿಧಾನ. ಬೆರಳಿಟ್ಟು ಎಷ್ಟೋ ಹೊತ್ತಾದ ಮೇಲೆ ಸದ್ದು ಏಳುತ್ತಿತ್ತು. ಎದ್ದ ಸದ್ದಿನೊಳಗೆ ಎಲ್‌ಎಫ್‌ಓ ಎಂಬ ನಾಬ್ ಸಣ್ಣಗೆ ನಡುಕ ಹುಟ್ಟಿಸುತ್ತಿತ್ತು. ರಿಲೀಸ್ ಅನ್ನು ಮಾತ್ರ ತಂಗಿ ಕೊನೆಯವರೆಗೂ ತಿರುಗಿಸಿಬಿಟ್ಟಿದ್ದಳು. ಅಕ್ಕ ಬೆರಳೆತ್ತಿದಳು. ಸದ್ದು ಹೋಗಲಿಲ್ಲ.

“ಇದನ್ನೆಲ್ಲ ನಾನು ಹೇಳಿಕೊಟ್ಟಿಲ್ವಲ್ಲ. ಯಾರ ಹತ್ರ ಕಲಿತ್ಯೇ?”

ತಂಗಿ ವೈರ್ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

“ಬೇಜಾರು ಮಾಡ್ಕೋಬೇಡ ಅಕ್ಕ. ನಿನ್ನ ಹತ್ರಾನೇ. ಹೋದ ತಿಂಗಳು ನನಗೆ ಬಹುಮಾನ ಬಂದಾಗ ನೀನು ಚಪ್ಪಾಳೆ ತಟ್ಟಿದ್ಯಲ್ಲ? ತಡವಾಗಿ ಶುರುವಾಯ್ತು, ಒಳಗೊಳಗೇ ನಡುಗ್ತು, ಎಲ್ಲರೂ ನಿಲ್ಲಿಸಿದ್ಮೇಲೂ ನಿಲ್ಲಲೇ ಇಲ್ಲ.”